ಎರಡು ಭರಣಿ, ಒಂದೇ ಗಿಡದ ಕಾಯಿ

“ಇದು ಆಗೂದಿಲ್ಲ” ಎಂದಿದ್ದವರು ನಮ್ಮ ಕಂಪ್ಯೂಟರ್ ಮೇಡಂ. ಮೊನ್ನೆ ಅವ್ವ ಉಪ್ಪಿನಕಾಯಿ ಭರಣಿಯ ಬಟ್ಟೆ ಬಿಚ್ಚಿದಾಗ ಆ ಹುಳಿವಾಸನೆಯ ಜೊತೆ ಅವರ ಮಾತೂ ಬಂತು...

ಆಡೂರಿನ ನಮ್ಮ ಮನೆಯಲ್ಲಿ ನನಗಿಂತ ಮೊದಲು ಡಿಗ್ರಿ ಓದಿದವರಿಲ್ಲ. ಹೊಲಗಳಲ್ಲಿ ಕೂಲಿಗೆ ಮೆಣಸಿನಕಾಯಿ ಹರಿಯಲು ಹೋಗಿ ಅವ್ವ ನನ್ನನ್ನು ಓದಿಸಿದಳು. ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ಕಾಲೇಜಿನ ಹಳೆಯ, ಹೊಸ ವೆಬ್‌ಸೈಟುಗಳನ್ನು ಒಂದೇ ಲಾಗಿನ್‌ಗೆ ತರುತ್ತೇನೆ, ಯಾರೂ ಪಾಸ್‌ವರ್ಡ್ ಬದಲಿಸಬೇಕಿಲ್ಲ ಎಂದು ಮಾತು ಕೊಟ್ಟಿದ್ದೆ. ಪಾಸ್‌ವರ್ಡನ್ನು ಯಾರೂ ಇದ್ದ ಹಾಗೇ ಇಡುವುದಿಲ್ಲ. ಬೇರೆ ಒಂದಿಷ್ಟು ಅಕ್ಷರ ಬೆರೆಸಿ, ಗುರುತು ಸಿಗದಂತೆ ಅರೆದು ಇಡುತ್ತಾರೆ. ಬೆರೆಸುವುದು ಸಾಲ್ಟ್, ಅರೆದದ್ದು ಹ್ಯಾಶ್. ನಾನು ಎರಡೂ ಕಡೆಯ ಹ್ಯಾಶ್‌ಗಳನ್ನೇ ಎದುರುಬದುರು ಇಟ್ಟು ಹೋಲಿಸುವಂತೆ ಬರೆದಿದ್ದೆ. ಆಗೂದಿಲ್ಲ ಎಂದು ಮೇಡಂ ಅಂದದ್ದು ಇದಕ್ಕೇ. ನಾನು ಕೇಳಲಿಲ್ಲ.

ಪರೀಕ್ಷೆಯ ದಿನ. ಹೊರಗಿನಿಂದ ಬಂದ ಪರೀಕ್ಷಕರು ಪಕ್ಕದ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದರು. ಸರಿಯಾದ ಪಾಸ್‌ವರ್ಡ್ ಹಾಕಿದರೂ ಪರದೆ ತಪ್ಪು ಎನ್ನುತ್ತಿತ್ತು. ಪ್ರಾಜೆಕ್ಟ್ ಬಿದ್ದರೆ ಡಿಗ್ರಿ ಇಲ್ಲ.

“ಹೋಲ್ಸೂದನ್ನ ತಗದ ಬಿಡ್ಲೇನ್ರಿ ಮೇಡಂ? ಎಲ್ಲಾರೂ ಒಳಗ ಹೊಕ್ಕಾರ.”

“ಬಾಗ್ಲಾ ಕಿತ್ತಿಟ್ಟು ಕೀಲಿ ಹಾಕೇನಿ ಅಂತಿ ಏನವಾ?” ಮೇಡಂ ಕುರ್ಚಿ ಎಳೆದು ಕುಳಿತರು. “ಒಂದ ಗಿಡದ ಮಾವಿನಕಾಯಿ. ನಿಮ್ಮವ್ವನೂ ಉಪ್ಪಿನಕಾಯಿ ಹಾಕ್ತಾರ, ನಮ್ಮ ಅಮ್ಮಿನೂ ಹಾಕ್ತಾರ. ರುಚಿ ಒಂದ ಇರ್ತದೇನು?”

“ಇಲ್ರಿ. ಮಸಾಲಿ ಬ್ಯಾರೆ.”

“ಮತ್ತ ಭರಣಿಗೆ ಭರಣಿ ಯಾಕ ಹಚ್ಚಿ ನೋಡ್ತಿ? ಬಂದವ್ರು ಹಸಿ ಕಾಯಿ ತಂದಿರ್ತಾರ. ಆ ಮನಿ ಮಸಾಲಿ ಹಾಕಿ, ಆ ಮನಿ ಪದ್ಧತಿಲೆ ಮಾಡಿ ನೋಡು.”

ಹೊಳೆಯಿತು. ಬಂದವರು ಟೈಪ್ ಮಾಡಿದ ಪಾಸ್‌ವರ್ಡಿಗೆ ಅವರದೇ ಹಳೆಯ ಸಾಲ್ಟ್ ಬೆರೆಸಿ, ಹಳೆಯ ರೀತಿಯಲ್ಲೇ ಅರೆದು, ಹಳೆಯ ಹ್ಯಾಶ್ ಜೊತೆ ಹೋಲಿಸಬೇಕು. ಸರಿಹೋದರೆ ಮಾತ್ರ ಹೊಸ ರೀತಿಯಲ್ಲಿ ಇಟ್ಟುಕೊಳ್ಳಬೇಕು. ಪಕ್ಕದ ಕೋಣೆಯಲ್ಲಿ ಚಹಾದ ಕಪ್ ಕೆಳಗಿಟ್ಟ ಸದ್ದಾಯಿತು. ಬೇಗ ಬೇಗ ತಿದ್ದಿದೆ. ಪರೀಕ್ಷಕರು ಬಂದು ಬೆನ್ನ ಹಿಂದೆ ನಿಂತರು.

“ಮೊದ್ಲ ತಪ್ಪು ಪಾಸ್‌ವರ್ಡ್ ಹಾಕು,” ಎಂದರು ಮೇಡಂ.

ಹಾಕಿದೆ. ತೆರೆಯಲಿಲ್ಲ. ಸರಿಯಾದದ್ದು ಹಾಕಿದೆ... ತೆರೆಯಿತು.

ಡಿಗ್ರಿ ಸರ್ಟಿಫಿಕೇಟು ಕೈಗೆ ಬರುವಷ್ಟರಲ್ಲಿ ಮೇಡಂ ಇರಲಿಲ್ಲ. ತಮ್ಮ ಕಾಯಿಲೆಯನ್ನು ನಮಗ್ಯಾರಿಗೂ ಹೇಳಿರಲಿಲ್ಲ...

ನಿನ್ನೆ ಅವ್ವನ ಭರಣಿಯಿಂದ ಒಂದು ಡಬ್ಬಿ ತುಂಬಿಕೊಂಡು ಸವಣೂರಿಗೆ ಹೋದೆ. ಸರ್ಟಿಫಿಕೇಟನ್ನು ಮೇಡಂ ಅವರ ಅಮ್ಮಿಯ ಕೈಗಿಟ್ಟೆ. ಅವರು ಅದರ ಮೇಲೆ ಮೆಲ್ಲಗೆ ಬೆರಳಾಡಿಸಿದರು.

“ಅಕಿ ಇದ್ದಿದ್ರ, ಬೇಟಾ, ಮೊದ್ಲ ಇದ್ರಾಗ ತಪ್ಪು ಹುಡುಕ್ತಿದ್ಲು.”