ಬೋರ್ಡ್ ಇಲ್ಲದೆ ಮಾರಿದ ಮನೆ

ಶ್ರೀಪತಿ ಅಂಕಲ್ ಸ್ವಾರ್ಥಿಯಲ್ಲ ಎಂಬುದು ನನಗೆ ಗೊತ್ತಿತ್ತು. ಆ ಊರಿನಲ್ಲಿ ಅದು ಖಚಿತವಾಗಿ ಗೊತ್ತಿದ್ದವಳು ನಾನೊಬ್ಬಳೇ. ಹಾಗಿದ್ದೂ ತುಂಬಿದ ಸಭೆಯಲ್ಲಿ ಅವರನ್ನು ಸ್ವಾರ್ಥಿ ಅನ್ನಿಸಿದೆ — ನನ್ನ ಬಾಯಿಂದಲ್ಲ, ಇನ್ನೊಬ್ಬರ ಬಾಯಿಂದ. ಇಷ್ಟು ವರ್ಷ ಇದನ್ನು ನನ್ನ ಗಂಡನಿಗೂ ಹೇಳಿಲ್ಲ.

ನನ್ನದು ಮೊದಲಿನಿಂದಲೂ ಸಂಶಯದ ಬುದ್ಧಿ. ಯಾರಾದರೂ ಮನೆಗೆ ಸಿಹಿ ತಂದುಕೊಟ್ಟರೆ, ಇವರಿಗೆ ನನ್ನಿಂದ ಏನಾಗಬೇಕಾಗಿದೆ ಎಂದು ಮೊದಲು ಯೋಚಿಸುವವಳು ನಾನು. ಉಡುಪಿಯಿಂದ ಸಿಡ್ನಿಗೆ ಬಂದು ಒಂದು ರಿಯಲ್ ಎಸ್ಟೇಟ್ ಆಫೀಸಿಗೆ ಸೇರಿದ ಮೇಲೆ ಈ ಬುದ್ಧಿಗೆ ಸಂಬಳವೂ ಸಿಗತೊಡಗಿತು. ನಾಯಿ ಸಾಕಿಲ್ಲ ಎಂದು ಆಣೆ ಮಾಡುವ ಬಾಡಿಗೆದಾರರ ಹಿತ್ತಲಲ್ಲಿ ನಾಯಿಯ ತಟ್ಟೆ ಹುಡುಕುವುದು ನನ್ನ ಕೆಲಸ. ಸಾಮಾನ್ಯವಾಗಿ ಸಿಗುತ್ತಿತ್ತು. ಹಾಗಾಗಿ ಎಲ್ಲರ ಹಿತ್ತಲಲ್ಲೂ ಒಂದು ತಟ್ಟೆ ಇದ್ದೇ ಇರುತ್ತದೆ ಎಂದು ನಂಬಿಬಿಟ್ಟಿದ್ದೆ.

ನಾವಿದ್ದದ್ದು ಸಿಡ್ನಿಯ ವಾಯವ್ಯದ ಒಂದು ಸಬರ್ಬಿನಲ್ಲಿ. ಮಾರ್ಸ್ಡನ್ ಪಾರ್ಕ್ ಕಡೆ ಆಗಿನ್ನೂ ಬಯಲಿತ್ತು, ಕುದುರೆಗಳು ಮೇಯುತ್ತಿದ್ದವು. ನಮ್ಮ ಕಡೆ ಮಾತ್ರ ಮನೆಗಳು ತೊರೆಯ ಅಂಚಿನವರೆಗೂ ಬಂದು ನಿಂತಿದ್ದವು. ತೊರೆಯ ಉದ್ದಕ್ಕೂ ಅಲ್ಲಲ್ಲಿ ಉಳಿದಿದ್ದ ಕಾಡಿನ ತುಂಡುಗಳನ್ನು ಕೊಂಡು ಕಾಪಾಡಲೆಂದು ಕೌನ್ಸಿಲ್, ಅಂದರೆ ಅಲ್ಲಿನ ನಗರಸಭೆ, ಒಂದು ನಿಧಿ ಇಟ್ಟಿತ್ತು. ಸುಮ್ಮನೆ ಇಟ್ಟಿದ್ದಲ್ಲ. ಕೌನ್ಸಿಲ್ ಚುನಾವಣೆಯ ದಿನ ಇನ್ನೊಂದು ಚೀಟಿಯನ್ನೂ ಕೈಗೆ ಕೊಟ್ಟು ಊರನ್ನೇ ಕೇಳಿದ್ದರು — ಮನೆ ತೆರಿಗೆಯ ಜೊತೆ ಸ್ವಲ್ಪ ಹೆಚ್ಚಿಗೆ ಕೊಡುತ್ತೀರಾ, ಅದನ್ನು ಕಾಡಿನ ಜಮೀನಿಗಲ್ಲದೆ ಬೇರೆ ಯಾವುದಕ್ಕೂ ಮುಟ್ಟುವುದಿಲ್ಲ ಎಂದು. ಊರು ಹೌದು ಎಂದಿತು. ನಾನೂ ಹೌದು ಎಂದೇ ಗುರುತು ಹಾಕಿದ್ದೆ. ಒಂದು ಅವಧಿ ಮುಗಿದ ಮೇಲೆ ಮತ್ತೆ ಊರನ್ನು ಕೇಳಬೇಕು ಎಂಬ ಕರಾರೂ ಇತ್ತು. ಎಲ್ಲರೂ ಅದನ್ನು ಬುಷ್ ಫಂಡ್, ಕಾಡಿನ ನಿಧಿ, ಎನ್ನುತ್ತಿದ್ದರು.

ಆಮೇಲೆ ಗ್ರೇಮ್ ಎಂಬ ಕೌನ್ಸಿಲರ್ ಒಂದು ಹೊಸ ಯೋಜನೆ ತಂದ. ಆಟದ ಮೈದಾನದ ಪಕ್ಕ ಸಮುದಾಯ ಭವನ ಕಟ್ಟುವುದು; ಅದರ ಕಾರ್ ಪಾರ್ಕಿಂಗಿಗೆ ಕಾಡಿನ ಒಂದು ತುಂಡನ್ನು ಬಳಸುವುದು; ಖರ್ಚನ್ನು ಬುಷ್ ಫಂಡಿನಿಂದ ತೆಗೆಯುವುದು. ಅದಕ್ಕಾಗಿ ನಿಧಿಯ ನಿಯಮದಲ್ಲಿ ‘ಕಾಡಿನ ಜಮೀನು’ ಎಂದಿದ್ದ ಕಡೆ ‘ಸಾರ್ವಜನಿಕ ಜಾಗ’ ಎಂದು ಮಾಡಿದರೆ ಸಾಕು. ಊರನ್ನು ಮತ್ತೆ ಕೇಳುವ ಗೋಜಿಲ್ಲ, ಕೌನ್ಸಿಲರುಗಳು ಕೈ ಎತ್ತಿದರೆ ಮುಗಿಯಿತು.

ನಾನಾಗ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ. ಭಾನುವಾರದ ಕನ್ನಡ ತರಗತಿಯನ್ನು ಒಬ್ಬರ ಗ್ಯಾರೇಜಿನಲ್ಲಿ, ಲಾನ್‌ಮೋವರಿನ ಪಕ್ಕ ನಡೆಸುತ್ತಿದ್ದೆವು. ಭವನದಲ್ಲಿ ನಿಮಗೊಂದು ಕೋಣೆ ಖಂಡಿತ ಎಂದು ಗ್ರೇಮ್ ಮಾತು ಕೊಟ್ಟಿದ್ದ. ಅವನ ಮೇಲೆ ಮಾತ್ರ ನನಗೆ ಯಾಕೆ ಸಂಶಯ ಬರಲಿಲ್ಲವೋ — ಬೇಕಾದದ್ದನ್ನು ಕೊಡುವವನ ಮೇಲೆ ಬರುವುದಿಲ್ಲ, ಅಷ್ಟೇ.

ಶ್ರೀಪತಿ ಅಂಕಲ್ ಮೈಸೂರಿನವರು, ರಿಟೈರಾದ ಇಂಜಿನಿಯರು, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಮಗಳು ಚೈತ್ರಾ ಮದುವೆಯಾಗಿ ಮೆಲ್ಬರ್ನಿನಲ್ಲಿದ್ದಳು. ಬುಷ್ ಫಂಡಿಗಾಗಿ ಆ ಚುನಾವಣೆಗೆ ಮುಂಚೆ ಮನೆಮನೆಗೆ ತಿರುಗಿದ್ದವರಲ್ಲಿ ಅವರೂ ಒಬ್ಬರು. ನಮ್ಮ ಯುಗಾದಿ ಊಟದ ದಿನ, ನಾನು ಭವನದ ಸುದ್ದಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದಾಗ, ಎದ್ದು ನಿಂತರು.

“ವಿನಯಾ, ರೂಮ್ ಬೇಕು ಅಂದ್ರೆ ನಾವೇ ಚಂದಾ ಎತ್ತೋಣಮ್ಮ. ಆ ದುಡ್ಡು ಬೇಡ. ಕಾಡಿಗೆ ಅಂತ ಹೇಳಿ ಜನರ ಹತ್ರ ಓಟು ಹಾಕಿಸ್ಕೊಂಡಿದೀವಿ. ನಾನೇ ಹೋಗಿ ಬಾಗಿಲು ತಟ್ಟಿದೀನಿ.”

ಎಲ್ಲರೂ ನನ್ನ ಮುಖ ನೋಡಿದರು. ಹೋಳಿಗೆ ಬಡಿಸುತ್ತಿದ್ದವರ ಕೈಯೂ ನಿಂತಿತು. ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಆಮೇಲೆ ಅವರ ಹಿತ್ತಲು ನೆನಪಾಯಿತು — ಅವರ ಮನೆಯ ಹಿಂಬೇಲಿ ಅದೇ ಕಾಡಿಗೆ ತಾಗಿತ್ತು. ಓಹೋ, ಹೀಗೋ ಸಮಾಚಾರ ಎಂದುಕೊಂಡೆ. ಹಿಂದುಗಡೆ ಕಾರುಗಳು ನಿಂತರೆ ಮನೆಯ ಬೆಲೆ ಬೀಳುತ್ತದಲ್ಲ! ಅಂದು ರಾತ್ರಿ ಚೆನ್ನಾಗಿ ನಿದ್ದೆ ಬಂತು ನನಗೆ.

ಆ ಸಂಶಯ ಅಲ್ಲಿಗೇ ಉಳಿದಿದ್ದರೆ ಇದು ಬರೀ ನನ್ನ ಸಣ್ಣತನದ ಕಥೆಯಾಗುತ್ತಿತ್ತು. ಆದರೆ ಕೆಲವು ವಾರಗಳ ನಂತರ ಅಂಕಲ್ ನನ್ನ ಆಫೀಸಿಗೇ ಬಂದರು. ಬಾಗಿಲು ಮುಂದೆ ಮಾಡಿ ಕೂತರು.

“ಮನೆ ಮಾರ್ಬೇಕಮ್ಮ. ಆದ್ರೆ ಮುಂದೆ ಬೋರ್ಡ್ ಹಾಕ್ಬಾರ್ದು.”

“ಎಂತ ಅಂಕಲ್, ಬೋರ್ಡ್ ಇಲ್ಲದೆ ಮಾರಿದ್ರೆ ರೇಟ್ ಬರುದಿಲ್ಲ.”

“ಬರದೇ ಇದ್ರೆ ಬೇಡ. ಬೋರ್ಡ್ ನಿಂತ್ರೆ ಸಂಜೆ ಒಳಗೆ ನಮ್ಮೋರೆಲ್ಲ ಫೋನ್ ಮಾಡ್ತಾರೆ. ಯಾಕೆ ಅಂಕಲ್, ಎಲ್ಲಿಗೆ ಅಂಕಲ್... ಚೈತ್ರಾ ಗಂಡನ್ನ ಬಿಟ್ಟು ಬಂದಿದಾಳೆ. ಮೆಲ್ಬರ್ನ್ ಹತ್ರ ಕ್ರಾನ್‌ಬರ್ನ್‌ನಲ್ಲಿ ಮಗೂನ ಕಟ್ಕೊಂಡು ಒಬ್ಳೇ ಇದಾಳೆ, ನಾನು ಅಲ್ಲಿಗೆ ಹೋಗಿರ್ಬೇಕು. ಕೋರ್ಟ್ ಕೆಲ್ಸ ಮುಗಿಯೋವರ್ಗೂ ಯಾರ ಬಾಯಿಗೂ ಬೀಳೋದು ಬೇಡ. ನೀನು ನಮ್ಮೋಳು ಅಂತ ಬಂದೆ.”

ನಮ್ಮವರಿಗೆ ಮನೆಯ ಮುಂದಿನ ಮಾರಾಟದ ಬೋರ್ಡ್ ಅಂದರೆ ಏನೆಂದು ಬೇರೆಯವರಿಗೆ ಅರ್ಥವಾಗಲಿಕ್ಕಿಲ್ಲ. ಅದನ್ನು ಯಾರೂ ಬರೀ ಮಾರಾಟ ಎಂದು ಓದುವುದಿಲ್ಲ. ಕೆಲಸ ಹೋಯಿತೇ, ಜಗಳವೇ, ಕಾಯಿಲೆಯೇ — ಒಂದು ಸಂಜೆಯಲ್ಲಿ ಮೂರು ಕಥೆ ಹುಟ್ಟುತ್ತವೆ, ಅದರಲ್ಲಿ ಒಂದಾದರೂ ಮಗಳ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಇಂಥ ಕಥೆ ಕಟ್ಟುವುದರಲ್ಲಿ ನಾನೇ ಎಷ್ಟು ಗಟ್ಟಿಗಿತ್ತಿಯೋ! ನಾನು ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ನಮ್ಮ ಬಾಸ್ ಸದ್ದಿಲ್ಲದೆ ಒಂದು ಕುಟುಂಬವನ್ನು ಹುಡುಕಿದರು. ಕಾರ್ ಪಾರ್ಕಿಂಗ್ ಬರಬಹುದು ಎಂಬುದನ್ನು ಅಂಕಲ್ ತಾವಾಗಿಯೇ ಅವರಿಗೆ ಹೇಳಿದರು, ಅದಕ್ಕೆ ತಕ್ಕಂತೆ ಬೆಲೆಯನ್ನೂ ಇಳಿಸಿದರು. ನನ್ನ ಕಣ್ಣೆದುರೇ ಸಹಿಯಾಯಿತು. ಮನೆ ಬಿಟ್ಟುಕೊಡಲು ಕೆಲವು ತಿಂಗಳು ಸಮಯ ಇತ್ತು, ಅಷ್ಟೇ. ಇನ್ನು ಆ ಕಾಡು ಇದ್ದರೇನು, ಹೋದರೇನು, ಅವರಿಗೆ ಒಂದು ಪೈಸೆಯ ಲಾಭವಿರಲಿಲ್ಲ.

ಅದಾದ ಮೇಲೂ ಅವರು ಬುಷ್ ಫಂಡಿಗಾಗಿ ಓಡಾಡುವುದನ್ನು ಬಿಡಲಿಲ್ಲ. ನೀರಿಗೆ ನಿರ್ಬಂಧವಿದ್ದ ಬರದ ವರ್ಷಗಳು ಅವು. ಆ ಬಿಸಿಲಲ್ಲಿ ಟೋಪಿ ಹಾಕಿಕೊಂಡು ಮತ್ತೆ ಬಾಗಿಲು ತಟ್ಟುತ್ತಿದ್ದರು. ಜನ ಅವರ ಮಾತು ಕೇಳತೊಡಗಿದ್ದರು. ಇಬ್ಬರು ಕೌನ್ಸಿಲರುಗಳು ಮನಸ್ಸು ಬದಲಿಸುವ ಹಾಗಿದೆ ಎಂದು ಗ್ರೇಮ್ ಚಿಂತೆಯಲ್ಲಿದ್ದ. ನಿಯಮ ಬದಲಿಸಲು ಕೌನ್ಸಿಲ್ ಕರೆದಿದ್ದ ಸಭೆಯ ಹಿಂದಿನ ದಿನ ನಾನು ಅವನಿಗೆ ಫೋನ್ ಮಾಡಿದೆ. ಹೌದು — ಅವನು ಕೇಳಿರಲಿಲ್ಲ, ನಾನಾಗಿಯೇ ಮಾಡಿದೆ.

“ಅವರ ಮನೆ ಎಲ್ಲಿದೆ ಅಂತ ಎಲ್ಲರ ಎದುರು ಒಂದು ಸಲ ಕೇಳಿ ನೋಡಿ” ಎಂದೆ.

ಇಷ್ಟೇ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಮನೆ ಮಾರಿಯಾಗಿದೆ ಎಂಬುದನ್ನು ನಾನು ಹೇಳಲಿಲ್ಲ — ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆನಲ್ಲ! ಕೊಟ್ಟ ಮಾತನ್ನು ಅಷ್ಟು ನಿಯತ್ತಾಗಿ ನಾನು ಬೇರೆಂದೂ ಉಳಿಸಿಕೊಂಡಿಲ್ಲ.

ಸಭೆಯಲ್ಲಿ ನಮ್ಮ ಸಂಘದವರು ಹಿಂದಿನ ಎರಡು ಸಾಲು ತುಂಬಿದ್ದೆವು. ಅಂಕಲ್ ಚೆನ್ನಾಗಿಯೇ ಮಾತಾಡಿದರು. ನಮ್ಮನ್ನು ಕೇಳಿ ಕಟ್ಟಿದ ನಿಧಿಯನ್ನು ನಮ್ಮನ್ನು ಕೇಳದೆ ಬಿಚ್ಚುವುದಾದರೆ ಕೇಳಿದ್ದಾದರೂ ಯಾಕೆ ಎಂದರು. ಯಾರೋ ಚಪ್ಪಾಳೆ ತಟ್ಟಿದರು. ಆಗ ಗ್ರೇಮ್ ಮೈಕಿನ ಕಡೆ ಬಗ್ಗಿದ. ನಿಮ್ಮ ಮನೆಯ ಬೇಲಿ ಆ ಕಾಡಿಗೆ ತಾಗಿದೆಯಲ್ಲವೇ ಎಂದು ಬಹಳ ಮರ್ಯಾದೆಯಿಂದ ಕೇಳಿದ.

“ಹೌದು” ಎಂದರು ಅಂಕಲ್.

ಕಾಡು ಉಳಿದರೆ ನಿಮ್ಮ ಮನೆಗೆ ಒಳ್ಳೆಯ ಬೆಲೆ, ಅಲ್ಲವೇ?

ಮನೆ ಮಾರಿಯಾಗಿದೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಬಾಯಿ ತೆರೆದರು. ತಿರುಗಿ ನಮ್ಮ ಎರಡು ಸಾಲುಗಳನ್ನು ನೋಡಿದರು — ಆಂಟಿಯರು, ಅಂಕಲ್‌ಗಳು, ಎಲ್ಲರ ಕೈಯಲ್ಲೂ ಫೋನು. ಆಮೇಲೆ ನನ್ನನ್ನು ನೋಡಿದರು. ನಾನು ಬಗ್ಗಿ ಬ್ಯಾಗಿನಲ್ಲಿ ಏನೋ ಹುಡುಕತೊಡಗಿದೆ. ಏನು ಹುಡುಕುತ್ತಿದ್ದೆ ಅಂತ — ಏನೂ ಇಲ್ಲ. ತಲೆ ಎತ್ತಿದಾಗ ಅವರು ಕೂತಿದ್ದರು. ಜನ ನಗುತ್ತಿದ್ದರು. ಮನಸ್ಸು ಬದಲಿಸಬೇಕಿದ್ದ ಇಬ್ಬರೂ ಗ್ರೇಮ್ ಕಡೆಗೇ ಕೈ ಎತ್ತಿದರು, ನಿಯಮ ಬದಲಾಯಿತು.

ಹೊರಗೆ ಅವರು ನನಗಾಗಿ ಕಾಯುತ್ತಿದ್ದರು. ಗೊತ್ತಾಗಿದೆ, ಇನ್ನು ನನ್ನ ಗ್ರಹಚಾರ ಬಿಡಿಸುತ್ತಾರೆ ಎಂದುಕೊಂಡೆ.

“ಚೈತ್ರಾ ವಿಷಯ ಯಾರಿಗೂ ಹೇಳಿಲ್ಲ ತಾನೇ?”

“ಇಲ್ಲ ಅಂಕಲ್.”

“ಅಷ್ಟು ಸಾಕಮ್ಮ. ಒಳಗೆ ನನ್ನ ಉಳ್ಸೋಕೆ ಅಂತ ನೀನು ಎದ್ದು ಹೇಳ್ಬಿಡ್ತೀಯೇನೋ ಅಂತ ಒಂದ್ ನಿಮ್ಷ ಭಯ ಆಗಿತ್ತು. ಥ್ಯಾಂಕ್ಸ್.”

ಆ ಥ್ಯಾಂಕ್ಸನ್ನೂ ನಾನು ಎಷ್ಟೋ ದಿನ ಸಂಶಯದಿಂದಲೇ ನೋಡಿದೆ. ವ್ಯಂಗ್ಯವಿರಬಹುದೇ, ಗ್ರೇಮ್ ಬಾಯಿಬಿಟ್ಟಿರಬಹುದೇ ಎಂದು. ಅವರು ನನ್ನನ್ನು ನಿಜವಾಗಿಯೂ ನಂಬಿದ್ದರು ಎಂದು ಒಪ್ಪಿಕೊಳ್ಳುವುದಕ್ಕಿಂತ ಅದು ಸುಲಭವಾಗಿತ್ತು. ಅವರು ಮೆಲ್ಬರ್ನಿಗೆ ಹೋದರು. ಮರಗಳನ್ನು ಕಡಿದು ಡಾಂಬರು ಹಾಕಿದರು. ನಮಗೆ ಕೋಣೆಯೂ ಸಿಕ್ಕಿತು. ಮಕ್ಕಳು ಅಲ್ಲಿ ಕನ್ನಡ ಕಲಿತವು, ಅಲ್ಪಸ್ವಲ್ಪ. ಒಮ್ಮೆ ಸಡಿಲಿಸಿದ ನಿಯಮ ಮತ್ತೆ ಬಿಗಿಯಾಗಲಿಲ್ಲ. ಮೈದಾನದ ದೀಪಗಳು, ಫುಟ್‌ಪಾತು — ಎಲ್ಲವೂ ಸಾರ್ವಜನಿಕ ಜಾಗವೇ ಆಗುತ್ತಾ ಬಂದವು. ತೊರೆಯಂಚಿನಲ್ಲಿ ಕೊಳ್ಳಬೇಕಿದ್ದ ದೊಡ್ಡ ತುಂಡೊಂದು ಬಿಲ್ಡರ್ ಪಾಲಾಯಿತು.

ಈ ವರ್ಷ ಅಕ್ಕನ ಮಗನ ಗೃಹಪ್ರವೇಶಕ್ಕೆಂದು ಮೆಲ್ಬರ್ನಿಗೆ ಹೋಗಿದ್ದೆ. ಬಾಕ್ಸ್ ಹಿಲ್ ಸ್ಟೇಷನ್ನಿನ ಹತ್ತಿರ ಆಸ್ಪತ್ರೆಯ ಬ್ಯಾಡ್ಜ್ ಹಾಕಿಕೊಂಡಿದ್ದ ಚೈತ್ರಾ ಸಿಕ್ಕಳು. ಅವಳೇ ಗುರುತು ಹಿಡಿದು ಕಾಫಿಗೆ ಕರೆದೊಯ್ದಳು.

“ಡಿವೋರ್ಸ್ ಆಗಿದ್ದು ಈಗ ಎಲ್ರಿಗೂ ಗೊತ್ತು ಆಂಟಿ, ಐ ಡೋಂಟ್ ಕೇರ್” ಎಂದು ನಕ್ಕಳು. “ಆದ್ರೆ ಆಗ ನಂಗೆ ತುಂಬಾ ಭಯ ಇತ್ತು. ಅಪ್ಪ ಯಾವಾಗ್ಲೂ ಹೇಳ್ತಿರ್ತಾರೆ, ಸಿಡ್ನೀಲಿ ನಂಬೋಹಾಗೆ ಇದ್ದೋಳು ವಿನಯಾ ಒಬ್ಳೇ ಅಂತ.”

ನಾನು ಅಡಗಿಕೊಳ್ಳಲು ಉಳಿದಿದ್ದ ನೆಪವೂ — ಅವಳ ಗುಟ್ಟು — ಆ ಟೇಬಲ್ಲಿನ ಮೇಲೆ ಮುಗಿದುಹೋಗಿತ್ತು. ಆದರೂ ಹೇಳಲಿಲ್ಲ. ಬಿಲ್ ನಾನೇ ಕೊಡುತ್ತೇನೆ ಎಂದು ಜಗಳವಾಡಿ ಎದ್ದು ಬಂದೆ.

ಬುಷ್ ಫಂಡಿನ ಅವಧಿ ಈಗ ಮುಗಿಯುತ್ತಿದೆ. ಮತ್ತೆ ಊರನ್ನು ಕೇಳಲಿದ್ದಾರೆ. ಈ ಸಲ ನಿಯಮವನ್ನು ಮೊದಲಿನಂತೆ ಬಿಗಿ ಮಾಡಿ ಕೇಳಿ ಎಂದು ಕೆಲವರು ಹೋರಾಡುತ್ತಿದ್ದಾರೆ. ಹೋದ ತಿಂಗಳು ಸಂಘದಲ್ಲಿ ಈ ಮಾತು ಬಂದಾಗ ಹೊಸದಾಗಿ ಬಂದ ಹುಡುಗನೊಬ್ಬ ಹೇಳಿದ: “ಅದೆಲ್ಲ ಬೇಲಿ ಪಕ್ಕದೋರ ಆಟ ಅಂತೆ. ಹಿಂದೆ ನಮ್ಮೋರೇ ಒಬ್ರು ಅಂಕಲ್ ಸಿಕ್ಕಾಕ್ಕೊಂಡಿದ್ರಂತಲ್ಲ.” ಆ ಹುಡುಗ ಅಂಕಲ್ ಮುಖವನ್ನೂ ನೋಡಿದವನಲ್ಲ.

ಮನೆಗೆ ಬಂದು ಮೆಲ್ಬರ್ನಿಗೆ, ಅಂಕಲ್‌ಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ — ಗ್ರೇಮ್‌ಗೆ ಮಾಡಿದ ಫೋನು, ಬ್ಯಾಗು, ಎಲ್ಲ.

“ನನ್ನ ಹೆಸ್ರು ಹೋಗಿದ್ದು ಹೋಯ್ತು” ಎಂದರು. “ನಾನು ಬಾಗಿಲು ತಟ್ಟಿದ ಮನೆಯೋರೆಲ್ಲ ನನ್ನ ನಂಬಿ ಓಟು ಹಾಕಿದ್ರು. ಅವ್ರಿಗೆಲ್ಲ ನಾನು ಮೋಸ ಮಾಡಿದೆ ಅನ್ನೋ ಹಾಗೆ ಮಾಡ್ಬಿಟ್ಟೆಯಲ್ಲೇ. ನನಗೆ ಹೇಳ್ಕೊಂಡು ನೀನು ಹಗುರ ಆಗ್ಬೇಡ. ಅಲ್ಲಿ ಹೋಗಿ ಹೇಳು.”

ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಮುಂದಿನ ವಾರ ಕೌನ್ಸಿಲ್ ಸಭೆಯಿದೆ. ಮಾತಾಡುವವರಲ್ಲಿ ನನ್ನ ಹೆಸರು ಕೊಟ್ಟಿದ್ದೇನೆ. ಗಿರಾಕಿಯ ಗುಟ್ಟನ್ನು ಹೀಗೆ ಬಳಸಿದೆ ಎಂದು ಒಪ್ಪಿಕೊಂಡರೆ ಕೆಲಸವೂ ಹೋಗಬಹುದು, ಗಂಡನಿಗೆ ಇಂದೇ ಹೇಳಬೇಕು. ನಾನು ಮಾತು ಮುಗಿಸುವಷ್ಟರಲ್ಲಿ ಯಾರೋ ಒಬ್ಬರು, ಈಗ ಇದನ್ನು ಹೇಳುವುದರಿಂದ ನಿಮಗೇನು ಲಾಭ ಎಂದು ಖಂಡಿತ ಕೇಳುತ್ತಾರೆ. ಕೇಳಲಿ. ಆ ಸಭೆಗೆ ಆ ಪ್ರಶ್ನೆಯನ್ನು ಕಲಿಸಿಕೊಟ್ಟವಳು ನಾನೇ.