ಮುಖಪುಟದ ಕೈ

ಮಸ್ಕಿಯಲ್ಲಿ ಡ್ರಾಯಿಂಗ್ ಮಾಸ್ತರಾಗಿದ್ದ ನಮ್ಮ ದೊಡ್ಡಪ್ಪ ಒಂದು ಸಿನಿಮಾ ಮಾಸಪತ್ರಿಕೆಯ ಮುಖಪುಟಕ್ಕೆ ನಟಿಯರ ಚಿತ್ರ ಬರೆದು ಕಳಿಸುತ್ತಿದ್ದರು. ಪತ್ರಿಕೆಯವರು ಅಂಚೆಯಲ್ಲಿ ಕಪ್ಪು-ಬಿಳುಪು ಫೋಟೊ ಕಳಿಸುವರು. ಇವರು ಅದನ್ನು ನೋಡಿ ಬಣ್ಣದಲ್ಲಿ ಬರೆದು, ಎರಡು ರಟ್ಟಿನ ನಡುವೆ ಇಟ್ಟು ವಾಪಸು ಕಳಿಸುವರು. ಪತ್ರಿಕೆ ನಿಂತು ಬಹಳ ವರ್ಷವಾಯಿತು. ದೊಡ್ಡಪ್ಪ ಹೋದ ವರ್ಷ ತೀರಿಕೊಂಡರು.

ದೊಡ್ಡಮ್ಮನಿಗೆ ಆ ಪತ್ರಿಕೆಯ ಹೆಸರೆತ್ತಿದರೆ ಸಿಟ್ಟು. ಮನೆಗೆ ಬಂದ ಒಂದು ಸಂಚಿಕೆಯನ್ನೂ ಮುಟ್ಟಿ ನೋಡಿದವಳಲ್ಲ. “ಊರ ಹೆಣಮಕ್ಕಳ ಮಾರಿ ತಿದ್ದಕೋತ ಜಿಂದಗಿ ಕಳದಾನ. ನನ್ನ ಮಾರಿ ಒಮ್ಮೆರ ತೆಗದಾನೇನು?” ಎಂದು ಗಂಡನ ಎದುರಿಗೇ ಎಲ್ಲರನ್ನೂ ಕೇಳುವಳು. ದೊಡ್ಡಪ್ಪ ನಕ್ಕು ಸುಮ್ಮನಾಗುವರು. ಅವರು ಹೋದ ಮೇಲೂ ಆಕೆ ಅದನ್ನೇ ಕೇಳುತ್ತಿದ್ದಳು, ದನಿ ಮಾತ್ರ ಸಣ್ಣದಾಗಿತ್ತು. ನಮಗೆ ತಮಾಷೆ, ಆಕೆಗೆ ಅದು ನಿಜವಾದ ನೋವು.

ನಾನು ಸಿಂಧನೂರಿನ ಕಾಲೇಜೊಂದರಲ್ಲಿ ಲೈಬ್ರರಿ ನೋಡಿಕೊಳ್ಳುವವಳು. ಮೊನ್ನೆ ಲಿಂಗಸುಗೂರಿನ ರದ್ದಿ ಅಂಗಡಿಯಲ್ಲಿ ಆ ಪತ್ರಿಕೆಯ ಏಳು ಸಂಚಿಕೆ ಸಿಕ್ಕವು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ನೋಡಿದೆ. ಏನು ಕಣ್ಣು, ಏನು ಮೂಗುತಿಯ ಹೊಳಪು! ಇಷ್ಟು ವರ್ಷ ನಮ್ಮ ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದ ಮನುಷ್ಯ ಇಂಥದನ್ನು ಬರೆದರೇ ಎಂದು ಮತ್ತೆ ಮೊದಲಿನಿಂದ ನೋಡಿದೆ.

ಮುಖಗಳನ್ನು ನೋಡಿ ತಣಿದ ಮೇಲೆ ಕೈಗಳತ್ತ ಕಣ್ಣು ಹೋಯಿತು. ನಟಿಯರು ಏಳು ಮಂದಿ. ಗದ್ದಕ್ಕೆ ಹಚ್ಚಿದ ಕೈ, ಹೂ ಹಿಡಿದ ಕೈ, ಸೆರಗು ಎಳೆದುಕೊಂಡ ಕೈ ಎಲ್ಲ ಒಂದೇ. ಕಿರುಬೆರಳು ಹೊರಕ್ಕೆ ಸೊಟ್ಟ. ನನಗೆ ರೊಟ್ಟಿ ಕೊಟ್ಟ ಕೈ, ನನ್ನ ತಲೆಗೆ ಮೊಟಕಿದ ಕೈ ನನಗೆ ಗೊತ್ತಾಗದೇ? ಪತ್ರಿಕೆಯವರ ಫೋಟೊಗಳು ಕುತ್ತಿಗೆಗೇ ಮುಗಿಯುತ್ತಿದ್ದದ್ದು ನೆನಪಾಯಿತು. ಉಳಿದದ್ದನ್ನು ದೊಡ್ಡಪ್ಪ ಮನೆಯಲ್ಲೇ ನೋಡಿ ಬರೆದಿದ್ದರು, ದೊಡ್ಡಮ್ಮ ಅಕ್ಕಿ ಹಸನು ಮಾಡುವಾಗಲೋ ರೊಟ್ಟಿ ಬಡಿಯುವಾಗಲೋ, ಆಕೆಗೇ ತಿಳಿಯದಂತೆ. ಸಿಂಧನೂರಿಗೆ ಟಿಕೆಟ್ ತೆಗೆಸಿದವಳು ಮಸ್ಕಿಯಲ್ಲೇ ಇಳಿದುಬಿಟ್ಟೆ.

“ಅವನ್ನ ಯಾಕ ತಂದೀಬೇ? ಒಯ್ಯಿ ಅತ್ತಾಗ,” ಎಂದು ದೊಡ್ಡಮ್ಮ ಮುಖ ತಿರುಗಿಸಿದಳು.

“ಮಾರಿ ನೋಡಬ್ಯಾಡ ದೊಡ್ಡಮ್ಮ, ಕೈ ನೋಡು,” ಎಂದು ನಟಿಯ ಮುಖವನ್ನು ನನ್ನ ಅಂಗೈಯಿಂದ ಮುಚ್ಚಿ ಹಿಡಿದೆ.

ಕನ್ನಡಕ ಹಾಕಿಕೊಂಡು ಬಗ್ಗಿದಳು. ತನ್ನ ಕೈಯನ್ನು ಚಿತ್ರದ ಪಕ್ಕದಲ್ಲಿಟ್ಟು ನೋಡಿದಳು. ನರ ಎದ್ದು ಸುಕ್ಕುಗಟ್ಟಿದ ಕೈ. ಆಮೇಲೆ ಮುಂದಿನ ಸಂಚಿಕೆಯನ್ನು ತಾನೇ ಎಳೆದುಕೊಂಡು, ತಾನೇ ಅದರ ಮುಖ ಮುಚ್ಚಿದಳು. ಹೀಗೆ ಏಳನ್ನೂ ನೋಡಿದಳು.

“ನಿನಗ ಯಾಕ ಹೇಳಲಿಲ್ಲ ದೊಡ್ಡಪ್ಪ?” ಎಂದೆ.

“ಹೇಳಿದ್ರ ನಾ ಈ ಬೆರಳು ಸೆರಗಿನ್ಯಾಗ ಬಚ್ಚಿಡತಿದ್ನಿ. ಅವನಿಗೆ ಗೊತ್ತಿತ್ತು,” ಎಂದಳು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಸಂಚಿಕೆಗಳನ್ನು ಒಟ್ಟು ಮಾಡಿ ಮಡಿಲಿಗೆ ಹಾಕಿಕೊಂಡು, ಸಣ್ಣ ಹುಡುಗಿಯ ಹಾಗೆ ನನ್ನನ್ನು ನೋಡಿ ಕೇಳಿದಳು:

“ನಾ ಇನ್ನ ಎಷ್ಟು ಚಿತ್ರದಾಗ ಅದೀನಿ?”