ಅವಳು ಬರೆದ ಫೋಲ್ಡರ್ ಮರ

ನಾನು ಜರ್ಮನಿಯ ಹರ್ಟ್ಸೋಗೆನಾವ್‌ರಾಕ್‌ಗೆ ಬಂದು ಆರು ವರ್ಷವಾದ ಮೇಲೆ ನನ್ನ ಪಕ್ಕದ ಮೇಜಿಗೆ ಅವಳು ಬಂದಳು. ನಮ್ಮದು ಕಾರ್ಖಾನೆಯ ಯಂತ್ರಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಒಂದು ಸಣ್ಣ ಕಂಪನಿ. ಆ ಸಾಫ್ಟ್‌ವೇರ್ ಜೊತೆಗೆ ಹೋಗುವ ಕೈಪಿಡಿಗಳನ್ನು ಬರೆಯುವುದು ನನ್ನ ಕೆಲಸ. ಅಲ್ಲಿಯವರೆಗೆ ಆ ಕೆಲಸಕ್ಕೂ ನಾನೊಬ್ಬಳೇ, ಆ ಆಫೀಸಿನಲ್ಲಿ ಕನ್ನಡಕ್ಕೂ ನಾನೊಬ್ಬಳೇ.

ಅವಳು ವಿಜಯಪುರದವಳು, ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ತಲೆಗೆ ನೀಲಿ ಸ್ಕಾರ್ಫ್ ಸುತ್ತಿಕೊಂಡು, ಬಂದ ಮೊದಲ ದಿನವೇ ಬಾಗಿಲ ಮೇಲಿನ ನನ್ನ ಹೆಸರು ಓದಿ ನೇರ ಒಳಗೆ ಬಂದಳು.

"ಅಕ್ಕಾರ, ನೀವು ನಮ್ಮ ಕಡಿಯವರ ಏನ್ರಿ?"

"ಮೈಸೂರು," ಅಂದೆ.

"ಆಗ್ಲಿ ಬಿಡ್ರಿ, ಕನ್ನಡ ಮಾತಾಡಾಕ ಒಬ್ಬರು ಸಿಕ್ಕರಲ್ಲ!"

ಮೊದಲ ಎರಡು ವಾರ ನನಗೂ ಹಬ್ಬವೇ. ಆನ್‌ಮೆಲ್ಡುಂಗ್, ಅಂದರೆ ಹೊಸ ವಿಳಾಸದ ನೋಂದಣಿ, ಮಾಡಿಸಲು ನಗರ ಕಚೇರಿಗೆ ಅವಳ ಜೊತೆ ಹೋದೆ. ಯಾವ ಕಸ ಯಾವ ಡಬ್ಬಿಗೆ ಅಂತ ಹೇಳಿಕೊಟ್ಟೆ. ಆದರೆ ಆ ನಗರ ಕಚೇರಿಯಲ್ಲೇ ನನ್ನೊಳಗೆ ಏನೋ ಚುಚ್ಚಿತ್ತು. ಅವಳು ಕಲೋನ್‌ನಲ್ಲಿ ಎರಡು ವರ್ಷ ಓದಿದವಳು. ಕೌಂಟರಿನ ಹೆಂಗಸಿನ ಜೊತೆ ನಿರರ್ಗಳವಾಗಿ ಜರ್ಮನ್ ಮಾತಾಡಿ, ಏನೋ ತಮಾಷೆ ಮಾಡಿ, ಅವಳನ್ನು ನಗಿಸಿಬಿಟ್ಟಳು. ಆರು ವರ್ಷದಲ್ಲಿ ನಾನು ಯಾವ ಕೌಂಟರಿನ ಹಿಂದಿನವರನ್ನೂ ನಗಿಸಿದವಳಲ್ಲ. ಸಹಾಯ ಮಾಡಲು ಹೋದವಳು ಫೈಲು ಹಿಡಿದುಕೊಂಡು ಸುಮ್ಮನೆ ಪಕ್ಕದಲ್ಲಿ ನಿಂತಿದ್ದೆ.

ಅವಳನ್ನು ಒಂದು ಭಾನುವಾರ ಊಟಕ್ಕೆ ಕರೆದೆ. ನನ್ನ ಹತ್ತು ವರ್ಷದ ಮಗಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಜರ್ಮನ್‌ನಲ್ಲಿ ಉತ್ತರ ಕೊಡುವವಳು. ಅಂದು ಸಂಜೆಯ ಹೊತ್ತಿಗೆ "ಬರ್ರಿ, ಕೂಡ್ರಿ, ಉಣ್ರಿ" ಅಂತ ವಿಜಯಪುರದ ಕನ್ನಡದಲ್ಲಿ ಮನೆಯೆಲ್ಲ ಓಡಾಡುತ್ತಿದ್ದಳು. ಗಂಡ ನಕ್ಕ. ನಾನೂ ನಕ್ಕೆ. ಪಾತ್ರೆ ತೊಳೆಯುವಾಗ ಮಾತ್ರ ಒಂದು ಲೋಟವನ್ನು ಬೇಕಾದ್ದಕ್ಕಿಂತ ಜೋರಾಗಿ ಇಟ್ಟೆ.

ಇಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುವ ಅಗತ್ಯ ಇರಲಿಲ್ಲ.

ನಮ್ಮ ಸಾಫ್ಟ್‌ವೇರ್ ಗ್ರಾಹಕರ ಸರ್ವರಿನಲ್ಲಿ ಇಳಿದಾಗ ನಲವತ್ತಕ್ಕೂ ಹೆಚ್ಚು ಫೋಲ್ಡರುಗಳು ಹುಟ್ಟಿಕೊಳ್ಳುತ್ತವೆ. ಯಾವುದರೊಳಗೆ ಯಾವುದು ಇದೆ, ಯಾವುದನ್ನು ಮುಟ್ಟಬಾರದು, ಯಾವುದು ವಾರಕ್ಕೊಮ್ಮೆ ತಾನಾಗಿ ಖಾಲಿಯಾಗುತ್ತದೆ ಎಂಬುದನ್ನು ಕೈಪಿಡಿಯ ಮೂರನೆಯ ಅಧ್ಯಾಯದಲ್ಲಿ ತೋರಿಸಬೇಕು. ನಾನು ಅದನ್ನು ಚಿತ್ರವಾಗಿ ತೋರಿಸುತ್ತಿದ್ದೆ. ಕಂಪ್ಯೂಟರಿನ ಪರದೆಯ ಮೇಲೆ ಫೋಲ್ಡರುಗಳನ್ನೆಲ್ಲ ಬಿಚ್ಚಿ, ಅದರ ಫೋಟೊ ತೆಗೆದು, ವರ್ಡ್‌ನಲ್ಲಿ ಅಂಟಿಸಿ, ಮೇಲೆ ಕೆಂಪು ಬಾಣಗಳನ್ನು ಎಳೆಯುತ್ತಿದ್ದೆ. ಒಂದು ಫೋಲ್ಡರಿನ ಹೆಸರು ಬದಲಾದರೆ ಮತ್ತೆ ಫೋಟೊ, ಮತ್ತೆ ಬಾಣ. ನೋಡಲು ಚೆನ್ನಾಗಿರಲಿಲ್ಲ, ನನಗೂ ಗೊತ್ತಿತ್ತು.

ಹೊಸ ಆವೃತ್ತಿಯ ಕೈಪಿಡಿಯಲ್ಲಿ ಮೂರನೆಯ ಅಧ್ಯಾಯವನ್ನು ಬಾಸ್ ಅವಳಿಗೆ ಕೊಟ್ಟರು. ಅವಳು ನಾಲ್ಕು ದಿನದಲ್ಲಿ ಮುಗಿಸಿ ಮಂಗಳವಾರದ ಮೀಟಿಂಗಿನಲ್ಲಿ ಗೋಡೆಯ ಮೇಲೆ ತೋರಿಸಿದಳು. ಒಂದೂ ಚಿತ್ರವಿಲ್ಲ. ಬರೀ ಅಕ್ಷರ, ನಿಂತ ಗೆರೆ, ಅಡ್ಡ ಗೆರೆ. ಮೇಲಿನ ಫೋಲ್ಡರಿನಿಂದ ಒಂದು ಸಣ್ಣ ಗೆರೆ ಇಳಿದು, ಬಲಕ್ಕೆ ಹೊರಳಿ ಒಳಗಿನ ಫೋಲ್ಡರಿನ ಹೆಸರಿಗೆ ಮುಟ್ಟುತ್ತಿತ್ತು. ಅಲ್ಲಿಂದ ಇನ್ನೊಂದು ಗೆರೆ ಇಳಿಯುತ್ತಿತ್ತು, ಮರದ ಕೊಂಬೆಗಳ ಹಾಗೆ. ಪ್ರತಿ ಹೆಸರಿನ ಎದುರಿಗೆ ತೆಳು ಬೂದು ಬಣ್ಣದಲ್ಲಿ ಒಂದೊಂದು ಸಾಲಿನ ವಿವರಣೆ, ಎಲ್ಲ ಒಂದೇ ನೇರದಲ್ಲಿ. ಟೈಪ್‌ರೈಟರಿನಂತೆ ಪ್ರತಿ ಅಕ್ಷರಕ್ಕೂ ಒಂದೇ ಅಗಲವಿರುವ ಫಾಂಟ್. ಹುಡುಕಿದರೆ ಹೆಸರು ಸಿಗುತ್ತಿತ್ತು, ಬದಲಾಯಿಸಬೇಕಾದರೆ ಒಂದು ಪದ ಅಳಿಸಿ ಇನ್ನೊಂದು ಬರೆದರೆ ಸಾಕಿತ್ತು.

ಬಾಸ್ ಅರವತ್ತರ ಹತ್ತಿರದ ಜರ್ಮನ್ ಮನುಷ್ಯ. ಹೊಗಳುವುದಿದ್ದರೆ "ತೊಂದರೆಯಿಲ್ಲ" ಅನ್ನುವವರು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಒಂದೇ ಪದ ಅಂದರು: "ಎಂಡ್ಲಿಶ್."

ಕೊನೆಗೂ, ಅಂತ ಅರ್ಥ. ಹಾಗಾದರೆ ಈ ಆರು ವರ್ಷ ಇವರು ಕಾಯುತ್ತಿದ್ದರೇ? ಪ್ರತಿ ಬಾರಿ ನನ್ನ ಕೆಂಪು ಬಾಣಗಳನ್ನು ನೋಡಿ "ತೊಂದರೆಯಿಲ್ಲ" ಅಂದಾಗಲೂ ಒಳಗೊಳಗೆ ಇದಕ್ಕಾಗಿ ಕಾಯುತ್ತಿದ್ದರೇ? ಅವಳು ನನ್ನ ಕಡೆ ತಿರುಗಿ ಖುಷಿಯಿಂದ ಹುಬ್ಬು ಹಾರಿಸಿದಳು. ನಾನೂ ಹೆಬ್ಬೆರಳು ಎತ್ತಿ ತೋರಿಸಿದೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವಳ ಫೈಲನ್ನು ನನ್ನ ಕಂಪ್ಯೂಟರಿನಲ್ಲಿ ತೆರೆದೆ. ಎಲ್ಲಾದರೂ ತಪ್ಪು ಸಿಕ್ಕೀತೇ ಎಂದು ಸಾಲು ಸಾಲಾಗಿ ನೋಡಿದೆ. ಹೆಸರುಗಳು ಸರಿಯಿದ್ದವು, ವಿವರಣೆ ಸರಿಯಿತ್ತು, ಜರ್ಮನ್ ವ್ಯಾಕರಣ ನನ್ನದಕ್ಕಿಂತ ಸರಿಯಿತ್ತು. ಆಮೇಲೆ ಕಂಡಿತು. ಪ್ರತಿ ಹೆಸರಿನ ಹಿಂದೆ ಅವಳು ಸ್ಪೇಸ್ ಬಾರ್ ಒತ್ತಿ ಒತ್ತಿ ಖಾಲಿ ಜಾಗಗಳಿಂದ ಅಂತರ ಮಾಡಿದ್ದಳು. ಆ ಒಂದು ಫಾಂಟ್ ಇರುವ ತನಕ ಮಾತ್ರ ಈ ಮರ ನಿಲ್ಲುತ್ತಿತ್ತು.

ವೋಲ್ಫ್ಸ್‌ಬುರ್ಗ್ ಹತ್ತಿರದ ನಮ್ಮ ದೊಡ್ಡ ಗ್ರಾಹಕರ ಕಂಪ್ಯೂಟರುಗಳಲ್ಲಿ ಆ ಫಾಂಟ್ ಇರಲಿಲ್ಲ. ಅವರು ಬಳಸುತ್ತಿದ್ದದ್ದು ವರ್ಡ್ ಅಲ್ಲ, ಬೇರೆ ಪ್ರೋಗ್ರಾಂ. ನನಗೆ ಅದು ಗೊತ್ತಿದ್ದದ್ದು ನಾನೇ ಅನುಭವಿಸಿದ್ದರಿಂದ. ನನ್ನ ಮೊದಲ ವರ್ಷದಲ್ಲಿ ಹೀಗೇ ಖಾಲಿ ಜಾಗ ಒತ್ತಿ ಜೋಡಿಸಿದ ಒಂದು ಪಟ್ಟಿ ಅಲ್ಲಿಗೆ ಹೋಗಿ ಚೆಲ್ಲಾಪಿಲ್ಲಿಯಾಗಿತ್ತು. ಪಿಡಿಎಫ್ ಮಾಡಿ ಕಳಿಸುವ ಹಾಗೂ ಇರಲಿಲ್ಲ, ಅವರು ತಮ್ಮ ಸೂಚನೆಗಳನ್ನು ನಮ್ಮ ಕೈಪಿಡಿಯೊಳಗೇ ಸೇರಿಸಿಕೊಳ್ಳುತ್ತಿದ್ದರು. ಆ ಅವಮಾನದ ಮೇಲೆಯೇ ನಾನು ಚಿತ್ರಗಳಿಗೆ ಮೊರೆಹೋಗಿದ್ದು. ಚಿತ್ರ ಕೆಟ್ಟದಾಗಿ ಕಾಣಬಹುದು, ಆದರೆ ಮುರಿಯುವುದಿಲ್ಲ.

ಅವಳು ಊಟ ಮುಗಿಸಿ ಬಂದಾಗ ಹೇಳಬಹುದಿತ್ತು. ಎರಡು ನಿಮಿಷದ ಮಾತು. ನಾನು ಹೇಳಲಿಲ್ಲ.

ಅದರ ಬದಲು, ಮೂರು ದಿನ ಮನೆಯಲ್ಲಿ ಕೂತು ನನ್ನದೇ ಒಂದು ಮೂರನೆಯ ಅಧ್ಯಾಯ ಮಾಡಿದೆ. ಗೆರೆ ಬೇಡ, ಖಾಲಿ ಜಾಗ ಬೇಡ. ಪ್ರತಿ ಹಂತಕ್ಕೂ ವರ್ಡ್‌ನಲ್ಲಿ ಮೊದಲೇ ನಿಗದಿ ಮಾಡಿದ ಒಂದು ಸ್ಟೈಲ್, ಆ ಸ್ಟೈಲಿಗೇ ಎಡ ಅಂಚಿನ ದೂರ ಕಟ್ಟಿಹಾಕಿದ್ದೆ. ಹೆಸರಿನ ಹಿಂದೆ ಒಂದು, ಒಂದು ಚುಕ್ಕಿ ಎರಡು, ಒಂದು ಚುಕ್ಕಿ ಎರಡು ಚುಕ್ಕಿ ಮೂರು ಎಂದು ತಾನಾಗಿ ಬರುವ ಸಂಖ್ಯೆ. ಯಾವ ಫಾಂಟಿನಲ್ಲಿ ತೆರೆದರೂ ಒಳಗಿನದು ಒಳಗೇ, ಹೊರಗಿನದು ಹೊರಗೇ. ಆರು ವರ್ಷ ಇದನ್ನು ಏಕೆ ಮಾಡಲಿಲ್ಲ? ಯಾರೂ ನನ್ನನ್ನು ಇಷ್ಟು ಉರಿಸಿರಲಿಲ್ಲ, ಅಷ್ಟೆ. ಫೈಲಿನ ಹೆಸರಿನಲ್ಲಿ ಅಭ್ಯಾಸದಂತೆ ಆ ದಿನದ ತಾರೀಖು ಹಾಕಿ ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಂಡೆ.

ಮೂರು ವಾರದ ನಂತರ ಕೈಪಿಡಿ ಒಪ್ಪಿಸಲು ನಾವಿಬ್ಬರೂ ವೋಲ್ಫ್ಸ್‌ಬುರ್ಗ್ ಕಡೆಗೆ ರೈಲು ಹತ್ತಿದೆವು. ರೈಲು ವುರ್ಟ್ಸ್‌ಬುರ್ಗ್ ದಾಟುವ ಮೊದಲೇ ನಲವತ್ತು ನಿಮಿಷ ತಡವಾಗಿತ್ತು. ಅವಳು ಡಬ್ಬಿ ಬಿಚ್ಚಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ನನ್ನ ಮುಂದೆ ಇಟ್ಟಳು. ಎದುರಿನ ಸೀಟಿನ ಮುದುಕಿ ರೊಟ್ಟಿ ಮುರಿಯುವ ಸದ್ದಿಗೆ ತಲೆಯೆತ್ತಿ ನೋಡಿ ನಕ್ಕಳು. ಅವಳು ಆ ಮುದುಕಿಗೂ ಒಂದು ತುಂಡು ಕೊಟ್ಟಳು.

ತಿಂದು ಕೈ ಒರೆಸಿಕೊಂಡು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದಳು. "ಅಕ್ಕಾರ, ಒಮ್ಮಿ ನೋಡಿಬಿಡ್ರಿ. ನಿಮಗ ಅವರದೆಲ್ಲಾ ಗೊತ್ತದ. ಬರೋಬ್ಬರಿ ಅದ ಅಲ್ಲ?"

ಬಾಯಿಯಲ್ಲಿ ಅವಳ ಚಟ್ನಿಯ ಖಾರ ಇನ್ನೂ ಇತ್ತು. ಪರದೆಯನ್ನು ಮೇಲಿಂದ ಕೆಳಗೆ ಓದುವ ಹಾಗೆ ನಟಿಸಿದೆ.

"ಚೆನ್ನಾಗಿದೆ ಕಣೇ. ಏನೂ ಯೋಚನೆ ಮಾಡ್ಬೇಡ," ಅಂದೆ.

ಗ್ರಾಹಕರ ಕೋಣೆಯಲ್ಲಿ ನಾಲ್ಕು ಜನ ಇದ್ದರು. ಅವರ ಸರ್ವರ್ ನೋಡಿಕೊಳ್ಳುವ ತಂತ್ರಜ್ಞ ತನ್ನ ಕಂಪ್ಯೂಟರಿನಲ್ಲೇ ಕೈಪಿಡಿ ತೆರೆದು ಗೋಡೆಗೆ ಹಾಕಿದ. ಮೂರನೆಯ ಅಧ್ಯಾಯಕ್ಕೆ ಬಂದಾಗ ಮರ ಅಲ್ಲಿರಲಿಲ್ಲ. ಖಾಲಿ ಜಾಗಗಳೆಲ್ಲ ಕುಗ್ಗಿಹೋಗಿದ್ದವು. ನಿಂತ ಗೆರೆಗಳು ತುಂಡು ತುಂಡಾಗಿ ಅಲ್ಲಲ್ಲಿ ಬಿದ್ದಿದ್ದವು, ಬೂದು ವಿವರಣೆಗಳು ಮುಂದಿನ ಸಾಲಿಗೆ ಉರುಳಿದ್ದವು. ಒಳಗಿನ ಫೋಲ್ಡರೂ ಹೊರಗಿನ ಫೋಲ್ಡರೂ ಒಂದೇ ನೇರದಲ್ಲಿ ಕಾಣುತ್ತಿದ್ದವು.

ತಂತ್ರಜ್ಞ ಎದ್ದು ಗೋಡೆಯ ಬಳಿ ಹೋಗಿ ಬೆರಳಿಟ್ಟು ಓದಿದ. "ಟೆಂಪ್, ಅದರೊಳಗೆ ಇದು, ಇದು, ಆಮೇಲೆ ಆರ್ಶೀಫ್." ತಿರುಗಿ ಕೇಳಿದ: "ಟೆಂಪ್ ಫೋಲ್ಡರ್ ವಾರಕ್ಕೊಮ್ಮೆ ಖಾಲಿಯಾಗುತ್ತದೆ ಎಂದು ಬರೆದಿದ್ದೀರಿ. ಅಂದರೆ ಆರ್ಶೀಫ್‌ನಲ್ಲಿರುವ ನಮ್ಮ ಹಳೆಯ ದಾಖಲೆಗಳೂ ಪ್ರತಿ ವಾರ ಅಳಿಸಿಹೋಗುತ್ತವೆಯೇ?"

"ಇಲ್ಲ, ಆರ್ಶೀಫ್ ಹೊರಗಿದೆ," ಅಂದಳು ಅವಳು ಜರ್ಮನ್‌ನಲ್ಲಿ.

"ಇಲ್ಲಿ ಹಾಗೆ ಕಾಣುತ್ತಿಲ್ಲವಲ್ಲ."

ಅವಳ ಜರ್ಮನ್ ಮೊದಲ ಬಾರಿಗೆ ತಡವರಿಸಿತು. ಒಂದು ವಾಕ್ಯ ಶುರು ಮಾಡಿ ಬಿಟ್ಟಳು, ಇನ್ನೊಂದು ಶುರು ಮಾಡಿದಳು. ಕುತ್ತಿಗೆಯಿಂದ ಕೆಂಪು ಏರುತ್ತಿತ್ತು. ನಾನು ಇದನ್ನು ಮೂರು ವಾರದಿಂದ ಕಲ್ಪಿಸಿಕೊಂಡಿದ್ದೆ; ಕಲ್ಪನೆಯಲ್ಲಿ ಇದು ಬಹಳ ಸಿಹಿಯಾಗಿತ್ತು. ಎದುರಿಗೆ ನೋಡುವಾಗಲೂ, ನಿಜ ಹೇಳಬೇಕೆಂದರೆ, ಕೆಲವು ಕ್ಷಣ ಸಿಹಿಯಾಗಿಯೇ ಇತ್ತು.

"ನನ್ನ ಹತ್ತಿರ ಇನ್ನೊಂದು ರೂಪ ಇದೆ," ಎಂದು ಲ್ಯಾಪ್‌ಟಾಪ್ ತೆಗೆದೆ.

ಅವರ ಕಂಪ್ಯೂಟರಿಗೆ ಕಳಿಸಿದೆ, ಅವನು ತೆರೆದ. ಪ್ರತಿ ಫೋಲ್ಡರೂ ತನ್ನ ಜಾಗದಲ್ಲಿ, ತನ್ನ ಸಂಖ್ಯೆಯ ಜೊತೆ ನಿಂತಿತ್ತು. "ಈಗ ಸ್ಪಷ್ಟವಾಯಿತು," ಅಂದ ತಂತ್ರಜ್ಞ. ಅವರ ಮ್ಯಾನೇಜರ್ ನನ್ನ ಕಡೆ ನೋಡಿ ತಲೆಯಾಡಿಸಿದ. ವಿಡಿಯೋದಲ್ಲಿದ್ದ ನಮ್ಮ ಬಾಸ್ "ತುಂಬಾ ಒಳ್ಳೆಯದು" ಅಂದರು. ಆರು ವರ್ಷದಲ್ಲಿ ಅವರ ಬಾಯಿಂದ ನಾನು ಕೇಳಿದ ಅತಿ ಉದ್ದದ ಹೊಗಳಿಕೆ.

ಅವಳು ಗೋಡೆ ನೋಡುತ್ತಿದ್ದಳು. ಪಟ್ಟಿಯನ್ನಲ್ಲ, ಅದರ ಮೇಲೆ ಉದ್ದಕ್ಕೆ ಕಾಣುತ್ತಿದ್ದ ಫೈಲಿನ ಹೆಸರನ್ನು. ಅದರಲ್ಲಿ ಮೂರು ವಾರ ಹಿಂದಿನ ತಾರೀಖು ಇತ್ತು.

ವಾಪಸ್ಸಿನ ರೈಲು ಹನೋವರ್ ದಾಟಿತು. ಅವಳು ಕಿಟಕಿ ನೋಡುತ್ತಲೇ ಕೇಳಿದಳು, "ನಿಮಗ ಮದ್ಲ ಗೊತ್ತಿತ್ತ?"

ಸುಳ್ಳು ಹೇಳಲು ಬೇಕಾದ ವಾಕ್ಯಗಳು ನನ್ನ ಬಳಿ ಸಿದ್ಧವಾಗಿದ್ದವು. ಆದರೆ ತಾರೀಖನ್ನು ಅವಳು ನೋಡಿಬಿಟ್ಟಿದ್ದಳು.

"ಗೊತ್ತಿತ್ತು."

"ಮುಂಜಾನಿ ಕೇಳಿದ್ನಿ. ಇದ ರೈಲಿನ್ಯಾಗ."

"ಹೌದು. ನೀನು ಕೇಳ್ದೆ."

"ಯಾಕ್ರಿ?"

"ಹೊಟ್ಟೆಕಿಚ್ಚು," ಅಂದೆ. ಬೇರೆ ಯಾವ ಪದವೂ ಅದಕ್ಕೆ ಒಪ್ಪುತ್ತಿರಲಿಲ್ಲ. "ನಿನ್ನ ಜರ್ಮನ್ ನೋಡಿ, ನಿನ್ನ ಕೆಲಸ ನೋಡಿ, ನನ್ನ ಮಗಳು ನಿನ್ನ ಹಿಂದೆ ಓಡಾಡೋದು ನೋಡಿ. ಎಲ್ಲಾದಕ್ಕೂ."

ಅವಳು ಕಿಟಕಿಯಿಂದ ನನ್ನ ಕಡೆ ತಿರುಗಿದಳು. ನಂತರ ಚೀಲ ತೆಗೆದುಕೊಂಡು ಮುಂದಿನ ಬೋಗಿಗೆ ಹೋದಳು. ನಮ್ಮೂರಿಗೆ ಹತ್ತಿರದ ನ್ಯೂರ್ನ್‌ಬರ್ಗ್‌ನಲ್ಲಿ ಇಳಿದಾಗ ಪ್ಲಾಟ್‌ಫಾರ್ಮಿನ ಇನ್ನೊಂದು ತುದಿಯಲ್ಲಿ ಅವಳ ನೀಲಿ ಸ್ಕಾರ್ಫ್ ಕಂಡು, ಮೆಟ್ಟಿಲಿಳಿದು ಮರೆಯಾಯಿತು.

ಮರುದಿನ ಬಾಸ್ ಕೋಣೆಗೆ ಹೋಗಿ, ಹಿಂದಿನ ರಾತ್ರಿ ಮನೆಯಲ್ಲಿ ಕಾಗದದ ಮೇಲೆ ಬರೆದುಕೊಂಡಿದ್ದ ಜರ್ಮನ್‌ನಲ್ಲಿ ನಡೆದದ್ದನ್ನು ಹೇಳಿದೆ. ಅವರು ಪೂರ್ತಿ ಕೇಳಿದರು. "ನೀವು ಗ್ರಾಹಕರ ಮುಂದೆ ಸಹೋದ್ಯೋಗಿಯನ್ನು ಬೀಳಲು ಬಿಟ್ಟಿರಿ," ಅಂದರು. "ಹೌದು," ಅಂದೆ. ನನ್ನ ದಾಖಲೆಯಲ್ಲಿ ಒಂದು ಲಿಖಿತ ಎಚ್ಚರಿಕೆ ಸೇರಿತು. ಅದನ್ನು ಓದಲು ಡಿಕ್ಷನರಿ ಬೇಕಾಗಲಿಲ್ಲ.

ಅವಳು ಒಂದು ತಿಂಗಳು ನನ್ನ ಜೊತೆ ಜರ್ಮನ್‌ನಲ್ಲೇ ಮಾತಾಡಿದಳು. ಕೆಲಸಕ್ಕೆ ಬೇಕಾದಷ್ಟು, ಜರ್ಮನ್ನರು ಅಪರಿಚಿತರ ಜೊತೆ ಬಳಸುವ ಬಹುವಚನದಲ್ಲಿ. ಮಗಳು "ಅವಳು ಯಾವಾಗ ಬರ್ತಾಳೆ" ಎಂದು ಜರ್ಮನ್‌ನಲ್ಲಿ ಕೇಳುತ್ತಿದ್ದಳು, ನಾನು "ಬ್ಯುಸಿ ಇದಾಳೆ" ಅನ್ನುತ್ತಿದ್ದೆ. ಒಂದು ಗುರುವಾರ ಬೆಳಿಗ್ಗೆ ಹತ್ತಕ್ಕೆ ಅವಳು ತನ್ನ ಹೊಸ ಕೈಪಿಡಿಯ ನೂರಿಪ್ಪತ್ತು ಪುಟ ಮುದ್ರಿಸಿ ನನ್ನ ಮೇಜಿನ ಮೇಲೆ ತಂದಿಟ್ಟಳು.

"ಇದನ್ನ ಓದ್ರಿ. ತಪ್ಪಿದ್ರ ನನ್ನ ಮುಖಕ್ಕ ಹೇಳ್ರಿ, ಇಲ್ಲೇ. ನಿಮ್ಮದನ್ನೂ ನಾ ಓದತೀನಿ. ಬಿಡಂಗಿಲ್ಲ."

ಬಿಡಲೂ ಇಲ್ಲ. ನನ್ನ ಮುಂದಿನ ಕೈಪಿಡಿಯಲ್ಲಿ ಅವಳು ಮೂವತ್ತೊಂದು ತಪ್ಪು ಹುಡುಕಿದಳು. ನಾನು ಅವಳದರಲ್ಲಿ ಒಂಬತ್ತು ಹುಡುಕಿದ್ದೆ, ಅದರಲ್ಲಿ ಎರಡು ನಿಜಕ್ಕೂ ತಪ್ಪುಗಳಾಗಿರಲಿಲ್ಲ. ಗುರುವಾರದ ಆ ಒಂದು ಗಂಟೆ ಹಾಗೇ ನಿಂತುಬಿಟ್ಟಿತು. ಸ್ನೇಹ ಎಂದು ಕರೆಯಲು ನನಗೆ ಧೈರ್ಯವಿಲ್ಲ. ಅವಳು ನಮ್ಮ ಮನೆಗೆ ಮತ್ತೆ ಬಂದದ್ದು ಒಂದೇ ಸಲ, ಮಗಳ ಹುಟ್ಟುಹಬ್ಬಕ್ಕೆ, ಅದೂ ಮಗಳೇ ಫೋನ್ ಮಾಡಿ ಕರೆದದ್ದಕ್ಕೆ.

ಕಳೆದ ವರ್ಷ ಬಾಸ್ ನಿವೃತ್ತರಾಗುವಾಗ ನಮ್ಮ ವಿಭಾಗವನ್ನು ಅವಳ ಕೈಗೆ ಕೊಟ್ಟರು. ಸುದ್ದಿ ಕೇಳಿದಾಗ ನಾನು ಎಲ್ಲರಿಗಿಂತ ಮೊದಲು ಎದ್ದು ಚಪ್ಪಾಳೆ ತಟ್ಟಿದೆ. ಈಗ ರಜೆ ಬೇಕಾದರೆ ನಾನು ಅವಳನ್ನೇ ಕೇಳಬೇಕು. ಮೊದಲ ಸಲ ಅರ್ಜಿ ಕಳಿಸುವ ಮುನ್ನ, ಏನಾದರೂ ಕೇಳಿಯಾಳು, ಸ್ವಲ್ಪ ಕಾಯಿಸಿಯಾಳು ಎಂದು ಉತ್ತರಗಳನ್ನೆಲ್ಲ ಸಿದ್ಧ ಮಾಡಿಟ್ಟುಕೊಂಡಿದ್ದೆ. ಮೂರು ನಿಮಿಷದಲ್ಲಿ ಒಪ್ಪಿಗೆ ಬಂತು, ಒಂದು ಪ್ರಶ್ನೆಯೂ ಇಲ್ಲದೆ. ಅಷ್ಟು ಸುಲಭವಾಗಿ ದೊಡ್ಡ ಮನಸ್ಸಿನವಳಾಗಿಬಿಟ್ಟಳಲ್ಲ ಎಂದು ಅದಕ್ಕೂ ನನಗೆ ಹೊಟ್ಟೆ ಉರಿಯಿತು.